ಪಾಲಿಕೆಯ ಹೋಟೆಲ್, ಒಳಗೊಂದು ಹಾಡಿನ ವೇದಿಕೆ: ಹೊಸ ಬಾಡಿಗೆದಾರರನ್ನು ಹುಡುಕುವ ಬಗೆ

ಬೆಂಗಳೂರಿನ ನಿಮ್ಮ ಬಡಾವಣೆಯಲ್ಲಿ ಪಾಲಿಕೆಗೆ ಸೇರಿದ ಒಂದು ಕಟ್ಟಡ ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಒಂದು ಹೋಟೆಲ್, ಹೋಟೆಲಿನ ಒಂದು ಬದಿಗೆ ಸಣ್ಣ ವೇದಿಕೆ. ಸಂಜೆ ಆದರೆ ಯಾರೋ ಭಾವಗೀತೆ ಹಾಡುತ್ತಿದ್ದರು, ಯಾರೋ ಗಿಟಾರ್ ಹಿಡಿದು ಬರುತ್ತಿದ್ದರು. ಜನ ಬೈಟು ಕಾಫಿ ತಗೊಂಡು ಕೂತು ಕೇಳುತ್ತಿದ್ದರು. ಈಗ ನಡೆಸುತ್ತಿದ್ದವರ ಕರಾರು ಮುಗಿದಿದೆ. ಷಟರ್ ಎಳೆದಿದೆ. ಹೊಸಬರನ್ನು ಹುಡುಕುವ ಸಮಿತಿಯಲ್ಲಿ ನಿಮ್ಮ ಹೆಸರೂ ಇದೆ. ಎಲ್ಲಿಂದ ಶುರು ಮಾಡೋದು?

ನಾನು ಬಹಳ ವರ್ಷ ಹೋಟೆಲ್‌ಗಳ ಲೆಕ್ಕ ಬರೆದವನು. ಎರಡು ಸಲ ಇಂಥ ಸಮಿತಿಯಲ್ಲಿ ಕೂತಿದ್ದೇನೆ. ಮೊದಲ ಸಲ ಯಾರು ಜಾಸ್ತಿ ಬಾಡಿಗೆ ಬರೆದಿದ್ದರೋ ಅವರಿಗೆ ಕೊಟ್ಟೆವು. ಎಂಟು ತಿಂಗಳಿಗೆ ವೇದಿಕೆ ಪಾರ್ಸೆಲ್ ಕೌಂಟರ್ ಆಯಿತು. ಹದಿನಾಲ್ಕನೇ ತಿಂಗಳಿಗೆ ಹೋಟೆಲೂ ಮುಚ್ಚಿತು, ಐದು ತಿಂಗಳ ಬಾಡಿಗೆ ಬಾಕಿ. ಎರಡನೇ ಸಲ ಬೇರೆ ದಾರಿ ಹಿಡಿದೆವು, ಅದು ಸರಿಹೋಯಿತು. ಆ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ವೇದಿಕೆ ಉಳಿಯಬೇಕು ಅನ್ನುವುದಾದರೆ ಅದನ್ನು ಬಾಡಿಗೆಯ ಲೆಕ್ಕದಲ್ಲೇ, ಕರಾರಿನಲ್ಲೇ ಬರೆದುಬಿಡಬೇಕು. ಬಾಯಿಮಾತಿನ ಭರವಸೆ ಮೇಲೆ ಬಿಟ್ಟರೆ ಉಳಿಯಲ್ಲ.

ಮೊದಲು ಕಾಗದ ಪತ್ರ

ಜಾಗ ಈಗ ಯಾವ ಪಾಲಿಕೆಯ ಕೈಯಲ್ಲಿದೆ ಅನ್ನುವುದನ್ನು ಬರಹದಲ್ಲಿ ಪಡೆಯಿರಿ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ನಗರ ಪಾಲಿಕೆಗಳಾಗಿವೆ. ಹಳೆಯ ಕಡತಗಳಲ್ಲಿ ಬಿಬಿಎಂಪಿ ಅಂತಲೇ ಇರುತ್ತದೆ. ಕಡತ ಒಂದು ಕಚೇರಿಯಲ್ಲಿ, ಕಟ್ಟಡ ಇನ್ನೊಂದು ಪಾಲಿಕೆಯ ಗಡಿಯಲ್ಲಿ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಇಲ್ಲದಿದ್ದರೆ ಟೆಂಡರ್ ಕರೆದ ಮೇಲೆ ಸಹಿ ಯಾರು ಹಾಕಬೇಕು ಅನ್ನುವ ಪ್ರಶ್ನೆ ಬರುತ್ತದೆ, ಎಲ್ಲ ನಿಂತುಹೋಗುತ್ತದೆ.

ಕಡತದಲ್ಲಿ ನಾಲ್ಕು ಕಾಗದ ಹುಡುಕಿ. ಖಾತೆ, ಮಂಜೂರಾದ ನಕ್ಷೆ, ಸ್ವಾಧೀನ ಪತ್ರ ಅಂದರೆ ಒಸಿ (ಕಟ್ಟಡ ನಕ್ಷೆಯಂತೆ ಕಟ್ಟಿದೆ, ಬಳಸಬಹುದು ಅನ್ನುವ ಪತ್ರ), ಮತ್ತು ಹಳೆಯ ಕರಾರು. ಬಹಳ ಕಡೆ ಸಿಗದೆ ಇರುವುದು ಒಸಿ. ಸರ್ಕಾರದ ಕಟ್ಟಡ ತಾನೇ, ಒಸಿ ಯಾಕೆ ಅನ್ನುವ ಮಾತು ಕೇಳಿಬರುತ್ತದೆ. ಆದರೆ ಸಂಗೀತದ ಪರವಾನಗಿಗೆ ಹೋದಾಗ ಪೊಲೀಸರು ಅದನ್ನು ಕೇಳುತ್ತಾರೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದ ಮೇಲೆ ಹೊಸ ವಿದ್ಯುತ್, ನೀರಿನ ಸಂಪರ್ಕಕ್ಕೂ ಒಸಿ ಕೇಳುವುದು ಬಿಗಿಯಾಗಿದೆ. ಬಾಡಿಗೆದಾರರು ಬಂದಮೇಲೆ ಅವರೇ ಮಾಡಿಸಿಕೊಳ್ಳಲಿ ಅಂತ ಬಿಡಬೇಡಿ. ಪಾಲಿಕೆಯ ಕಟ್ಟಡಕ್ಕೆ ಪಾಲಿಕೆಯಿಂದಲೇ ಆಗಬೇಕಾದ ಕಾಗದವನ್ನು ಒಬ್ಬ ಹೋಟೆಲಿನವರು ಹೇಗೆ ತರಲು ಸಾಧ್ಯ?

ಹಳೆಯ ಬಾಡಿಗೆದಾರರು ಖಾಲಿ ಮಾಡಿದ್ದಾರೆ ಅಂದರೆ ಬೀಗದ ಕೈ ಕೊಟ್ಟರು ಅಂತಷ್ಟೇ ಅಲ್ಲ. ಬೆಸ್ಕಾಂ ಬಿಲ್, ಜಲಮಂಡಳಿ ಬಿಲ್ ಬಾಕಿ ಇದೆಯಾ ನೋಡಿ. ಅದೇ ವಿಳಾಸದಲ್ಲಿ ಅವರ ಉದ್ಯಮ ಪರವಾನಗಿ, ಆಹಾರ ಪರವಾನಗಿ, ಜಿಎಸ್‌ಟಿ ನೋಂದಣಿ ಇನ್ನೂ ಜೀವಂತ ಇದ್ದರೆ ರದ್ದು ಮಾಡಿಸಿ. ಇಬ್ಬರು ಸಾಕ್ಷಿಗಳನ್ನು ಕರೆದು ಮಹಜರು ಮಾಡಿ. ಒಲೆ ಎಷ್ಟು, ಫ್ಯಾನ್ ಎಷ್ಟು, ಸ್ಪೀಕರ್ ಯಾರದ್ದು, ಎಲ್ಲ ಬರೆದು ಫೋಟೋ ತೆಗೆದಿಡಿ. ಕರಾರು ಮುಗಿದರೂ ಅವರು ಬಿಡದೆ ಕೂತಿದ್ದರೆ 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ತೆರವು ಕಾಯ್ದೆಯಡಿ ಸಕ್ಷಮ ಅಧಿಕಾರಿಯ ಮುಂದೆ ಹೋಗಬೇಕು. ಜಾಗ ಪೂರ್ತಿ ಕೈಗೆ ಬರುವ ತನಕ ಹೊಸ ಟೆಂಡರ್ ಕರೆಯಲೇಬೇಡಿ.

ಒಂದು ಇಡೀ ದಿನ ಕಟ್ಟಡದೊಳಗೆ ಕಳೆಯಿರಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ನಕ್ಷೆ ನೋಡಿ ಟೆಂಡರ್ ಬರೆಯುವವರೇ ಜಾಸ್ತಿ. ನೀವು ಹಾಗೆ ಮಾಡಬೇಡಿ. ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಅನುಭವಿ ಅಡುಗೆ ಭಟ್ಟರು, ಒಬ್ಬ ಸೌಂಡ್ ಕೆಲಸದವರು, ಈ ಮೂವರನ್ನು ಕರೆದುಕೊಂಡು ಬೆಳಿಗ್ಗೆ ಹೋಗಿ.

ಎರಡನೇ ಸಲ ನಾವು ಹೋದ ಕಟ್ಟಡ ಆರು ತಿಂಗಳಿಂದ ಮುಚ್ಚಿತ್ತು. ಅಡುಗೆಮನೆಯ ಚಿಮಣಿಯ ಒಳಗೋಡೆಗೆ ಭಟ್ಟರು ಬೆರಳಿಟ್ಟು ಎಳೆದರು. ಜೇನಿನ ಬಣ್ಣದ ಜಿಡ್ಡು ದಪ್ಪಗೆ ಬೆರಳಿಗೆ ಬಂತು. "ಇದಕ್ಕೆ ಒಂದು ಕಿಡಿ ಸಾಕು ಸ್ವಾಮಿ" ಅಂದರು. ಚಿಮಣಿಯ ಕೊಳವೆ ಹೊರಗೆ ಹೋಗಿ ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಯ ಎದುರಿಗೇ ಬಾಯಿ ತೆರೆದಿತ್ತು. ಕಲಾವಿದರ ಕೋಣೆ ಅಂತ ನಕ್ಷೆಯಲ್ಲಿದ್ದ ಜಾಗದ ಬಾಗಿಲು ತೆರೆದರೆ ಈರುಳ್ಳಿ ಸಿಪ್ಪೆ ಗಾಳಿಗೆ ಎದ್ದಿತು. ಮೂಲೆಯಲ್ಲಿ ಕೊಳೆತ ಎರಡು ಮೂಟೆ. ಗೋಡೆಯ ಮೇಲೆ ಮಾತ್ರ ಒಂದು ಕನ್ನಡಿ, ಅದರ ಅಂಚಿಗೆ ಯಾರೋ ಹಾಡುಗಾರ್ತಿ ಅಂಟಿಸಿ ಮರೆತ ಮೂರು ಬಿಂದಿ ಹಾಗೇ ಇದ್ದವು. ಹಿಂದಿನವರ ಕಾಲದಲ್ಲಿ ಹಾಡಿಗೆ ಏನಾಗಿತ್ತು ಅನ್ನುವುದು ನಮಗೆ ಆ ಕೋಣೆಯಲ್ಲೇ ಗೊತ್ತಾಯಿತು.

ವಿದ್ಯುತ್ ಮಂಜೂರಾತಿ ಎಷ್ಟು ಕಿಲೋವ್ಯಾಟ್ ಅಂತ ಬಿಲ್ಲಿನಲ್ಲೇ ಬರೆದಿರುತ್ತದೆ. ಗ್ರೈಂಡರ್, ಡೀಪ್ ಫ್ರೀಜರ್, ಎಕ್ಸಾಸ್ಟ್, ಎಸಿ, ಮೇಲೆ ಸ್ಪೀಕರ್, ವೇದಿಕೆಯ ದೀಪ. ಇಷ್ಟಕ್ಕೂ ಒಟ್ಟು ಎಷ್ಟು ಬೇಕು ಅಂತ ಎಲೆಕ್ಟ್ರಿಷಿಯನ್ ಹತ್ತಿರ ಲೆಕ್ಕ ಹಾಕಿಸಿ. ಕಮ್ಮಿ ಬಿದ್ದರೆ ಲೋಡ್ ಹೆಚ್ಚಿಸುವ ಅರ್ಜಿಯನ್ನು ಪಾಲಿಕೆಯೇ ಈಗಲೇ ಹಾಕಲಿ. ವೇದಿಕೆಯ ಲೈನ್ ಅಡುಗೆಮನೆಯ ಲೈನಿನಿಂದ ಬೇರೆ ಇರಲಿ. ಒಂದೇ ಆಗಿದ್ದರೆ ಗ್ರೈಂಡರ್ ತಿರುಗಿದಾಗಲೆಲ್ಲ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು.

ನೀರಿನ ವಿಚಾರ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 2024ರ ಬೇಸಿಗೆ ಯಾರೂ ಮರೆತಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಜಾಸ್ತಿ ಬಂತು, ಆದರೂ ಎಲ್ಲ ಬೀದಿಗೂ ಒಂದೇ ಥರ ಬರಲ್ಲ. ಸಂಪು ಎಷ್ಟು ಲೀಟರಿನದ್ದು, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ, ಟ್ಯಾಂಕರ್ ಒಳಗೆ ಬರಲು ದಾರಿ ಇದೆಯಾ, ಇದನ್ನು ಬರೆದಿಟ್ಟುಕೊಳ್ಳಿ. ಪಾತ್ರೆ ತೊಳೆಯುವ ಜಾಗದಿಂದ ಹೋಗುವ ಮೋರಿಗೆ ಜಿಡ್ಡು ಹಿಡಿಯುವ ತೊಟ್ಟಿ ಇಲ್ಲದಿದ್ದರೆ ಹಾಕಿಸಿ.

ಇನ್ನು ಕಿವಿಯ ಪರೀಕ್ಷೆ. ಖಾಲಿ ಹಾಲಿನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಮತ್ತೆ ಮತ್ತೆ ವಾಪಸ್ ಬಂದರೆ ಗೋಡೆ, ಮೇಲ್ಛಾವಣಿ ಬರೀ ಸಿಮೆಂಟು, ಗಾಜು ಅಂತ ಅರ್ಥ. ನಮ್ಮ ಜತೆ ಬಂದಿದ್ದ ಸೌಂಡ್ ಹುಡುಗ ಎರಡು ಸಲ ಚಪ್ಪಾಳೆ ತಟ್ಟಿ, "ಸಾರ್, ಇಲ್ಲಿ ತಬಲಾ ಕೇಳುತ್ತೆ, ಹಾಡಿನ ಮಾತು ಕೇಳಲ್ಲ" ಅಂದ. ಭಾವಗೀತೆಗೆ ಮಾತೇ ಕೇಳದಿದ್ದರೆ ಇನ್ನೇನು ಉಳಿಯಿತು? ದಪ್ಪ ಪರದೆ, ಗೋಡೆಗೆ ಬಟ್ಟೆ ಹೊದಿಸಿದ ಹಲಗೆ, ಮೇಲೆ ಸದ್ದು ಹೀರುವ ಸೀಲಿಂಗ್. ಇಷ್ಟರಿಂದ ಬಹಳ ಸುಧಾರಿಸುತ್ತದೆ.

ಅದೇ ದಿನ ಸಂಜೆ ಸ್ಪೀಕರ್ ಹಾಕಿ, ಕಾರ್ಯಕ್ರಮದ ದಿನ ಎಷ್ಟು ಸದ್ದು ಇರುತ್ತದೋ ಅಷ್ಟೇ ಸದ್ದಿನಲ್ಲಿ ಹಾಡು ಬಿಡಿ. ನೀವು ಪಕ್ಕದ ಮನೆಗೆ ಹೋಗಿ ಕೂತುಕೊಳ್ಳಿ. ಕೇಳಿಕೊಂಡು ಹೋದರೆ ಯಾರೂ ಬೇಡ ಅನ್ನಲ್ಲ. ನಾವು ಹೋದ ಮನೆಯ ಅಜ್ಜಿ ಕಾಫಿ ಕೊಟ್ಟು, "ಹಾಡು ಬಂದರೆ ಪರವಾಗಿಲ್ಲಪ್ಪ, ಆ ಡಬ್ ಡಬ್ ಅನ್ನೋದು ಎದೆಗೇ ಬಡಿಯುತ್ತೆ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಗೋಡೆ ತಡೆಯುವುದು ತೆಳು ಸದ್ದನ್ನು. ಬೇಸ್ ಸದ್ದು ಗೋಡೆ, ನೆಲ ದಾಟಿ ಹೋಗುತ್ತದೆ. ವೇದಿಕೆಯ ಹಲಗೆಯ ಕೆಳಗೆ ರಬ್ಬರ್ ಹಾಕಿ ನೆಲದಿಂದ ಬೇರೆ ಮಾಡಿಸಿದ ಮೇಲೆ ಅಜ್ಜಿಯ ಮನೆಯಲ್ಲಿ ಅರ್ಧ ಕಮ್ಮಿಯಾಯಿತು. ಬೇಸ್ ಸ್ಪೀಕರಿಗೆ ಮಿತಿ ಹಾಕಬೇಕು ಅಂತ ಟೆಂಡರಿನಲ್ಲಿ ನಾವು ಸೇರಿಸಿದ್ದು ಆ ಒಂದು ಮಾತಿನಿಂದ.

ಬೆಂಕಿ

2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಒಂದು ಬಾರಿನಲ್ಲಿ ಬೆಂಕಿ ಬಿದ್ದಾಗ ಸತ್ತ 5 ಜನರೂ ರಾತ್ರಿ ಅಲ್ಲೇ ಮಲಗಿದ್ದ ಕೆಲಸಗಾರರು. ಇದು ಮನಸ್ಸಿನಲ್ಲಿರಲಿ. ಹೊರಹೋಗಲು ಎರಡನೇ ಬಾಗಿಲು ಇರಲೇಬೇಕು, ಅದರ ಮುಂದೆ ಒಂದು ಕುರ್ಚಿಯೂ ಇರಬಾರದು. ಸಿಲಿಂಡರ್ ಕಟ್ಟಡದ ಹೊರಗೆ, ಗಾಳಿ ಆಡುವ ಕಡೆ. ಸದ್ದು ತಡೆಯಲು ಅಂತ ಸುಮ್ನೆ ಅಗ್ಗದ ಫೋಮ್ ಅಂಟಿಸುವುದನ್ನು ಒಪ್ಪಲೇಬೇಡಿ. ಅದು ಹತ್ತಿಕೊಂಡರೆ ಕ್ಷಣದಲ್ಲಿ ವಿಷದ ಹೊಗೆ ತುಂಬುತ್ತದೆ. ಕೆಲಸದವರು ಒಳಗೆ ಮಲಗುವಂತಿಲ್ಲ, ಅವರಿಗೆ ಬೇರೆ ವಸತಿ ಕೊಡಬೇಕು ಅಂತ ಕರಾರಿನಲ್ಲೇ ಇರಲಿ.

ಹಾಡಿಗೆ ಯಾವ ಯಾವ ಅನುಮತಿ ಬೇಕು

ಉದ್ಯಮ ಪರವಾನಗಿ, ಆಹಾರ ಪರವಾನಗಿ ಎಲ್ಲ ಹೋಟೆಲಿಗೂ ಬೇಕು. ಅದು ಹೋಟೆಲಿನವರಿಗೆ ಗೊತ್ತಿರುತ್ತದೆ. ಎಡವುವುದು ಹಾಡಿನ ವಿಚಾರದಲ್ಲಿ.

ಬೆಂಗಳೂರಿನಲ್ಲಿ ಹೋಟೆಲ್, ಬಾರಿನೊಳಗೆ ಲೈವ್ ಸಂಗೀತ ಇಡುವುದಕ್ಕೆ ಪೊಲೀಸ್ ಕಮಿಷನರ್ ಪರವಾನಗಿ ಬೇಕು ಅನ್ನುವ 2005ರ ಆದೇಶ ಒಂದಿದೆ. ಅದನ್ನು ಪ್ರಶ್ನಿಸಿ ಹೋದವರಿಗೆ 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋಲಾಯಿತು. ಆ ವರ್ಷ ಇಂದಿರಾನಗರ, ಕೋರಮಂಗಲದ ಎಷ್ಟೋ ಕಡೆ ಹಾಡು ಏಕಾಏಕಿ ನಿಂತಿತು. ಹಾಡುಗಾರರಿಗೆ ಕೆಲಸ ಇಲ್ಲದಂತಾಯಿತು. ಜಾಗ ಪಾಲಿಕೆಯದ್ದು ಅನ್ನುವ ಕಾರಣಕ್ಕೆ ಈ ಪರವಾನಗಿ ತಾನಾಗಿ ಬರಲ್ಲ. ಆದರೆ ಪಾಲಿಕೆ ಮಾಲೀಕನಾಗಿ ಒಂದು ಕೆಲಸ ಮಾಡಬಹುದು. ಒಸಿ, ಅಗ್ನಿಶಾಮಕ ಇಲಾಖೆಯ ಪತ್ರ, ನಕ್ಷೆ, ಎಷ್ಟು ಜನ ಕೂರಬಹುದು ಅನ್ನುವ ಪ್ರಮಾಣಪತ್ರ, ಈ ಎಲ್ಲದರ ಒಂದು ಕಟ್ಟು ಸಿದ್ಧ ಮಾಡಿ ಹೊಸಬರ ಕೈಗಿಡಬಹುದು. ಅರ್ಜಿ ಹಾಕುವುದು ಅವರು, ಆದರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಸದ್ದಿನ ನಿಯಮ 2000ನೇ ಇಸವಿಯದ್ದು, ದೇಶಕ್ಕೆಲ್ಲ ಒಂದೇ. ವಾಣಿಜ್ಯ ಪ್ರದೇಶದಲ್ಲಿ ಹಗಲು 65 ಡೆಸಿಬಲ್, ರಾತ್ರಿ 55. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಮಿತಿ ಇನ್ನೂ ಕಮ್ಮಿ. ಹಾಗಾಗಿ ಮೊದಲೇ ಟೇಪ್ ಹಿಡಿದು ಅಳೆಯಿರಿ. ನಿಮ್ಮ ಕಟ್ಟಡದ ವೇದಿಕೆ ಅಂಗಳದಲ್ಲಿದ್ದರೆ ಕಾರ್ಯಕ್ರಮ ಆರೂವರೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯಬೇಕು ಅಂತ ಬರೆದುಬಿಡಿ. ಇದರಿಂದ ನಷ್ಟವೇನೂ ಇಲ್ಲ. ಕೊನೆಯ ಮೆಟ್ರೋ ಹಿಡಿಯಬೇಕಾದವರು, ಮಕ್ಕಳನ್ನು ಕರೆದುಕೊಂಡು ಬರುವವರು ಇಂಥ ಹೊತ್ತಿಗೇ ಬರುತ್ತಾರೆ.

ಹಾಡಿನ ಹಕ್ಕುಸ್ವಾಮ್ಯ ಇನ್ನೊಂದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬೇರೆಯವರು ಬರೆದ, ಸಂಯೋಜಿಸಿದ ಹಾಡನ್ನು ಹೋಟೆಲಿನಲ್ಲಿ ಹಾಡಿಸಿದರೆ ಅನುಮತಿ ಬೇಕು. ಸಾಹಿತಿ, ಸಂಯೋಜಕರ ಪರವಾಗಿ ಐಪಿಆರ್‌ಎಸ್ ಸಂಸ್ಥೆ ಶುಲ್ಕ ವಸೂಲಿ ಮಾಡುತ್ತದೆ. ರೆಕಾರ್ಡ್ ಹಾಕುವುದಕ್ಕೆ ಬೇರೆ. ಇದನ್ನು ಯಾರು ಕಟ್ಟಬೇಕು ಅಂತ ಬರೆಯದೆ ಬಿಟ್ಟರೆ ನೋಟಿಸ್ ಬಂದ ದಿನ ಪಾಲಿಕೆ ಬಾಡಿಗೆದಾರರ ಕಡೆ, ಬಾಡಿಗೆದಾರರು ಕಲಾವಿದರ ಕಡೆ ಕೈ ತೋರಿಸುತ್ತಾರೆ. ಬಾಡಿಗೆದಾರರೇ ಕಟ್ಟಲಿ, ಕಲಾವಿದರ ಸಂಭಾವನೆಯಿಂದ ಹಿಡಿಯಬಾರದು.

ಮದ್ಯ ಇರಬೇಕಾ ಬೇಡವಾ? ಸಮಿತಿ ಇದನ್ನು ಟೆಂಡರಿಗೆ ಮುಂಚೆಯೇ ತೀರ್ಮಾನಿಸಬೇಕು. ಬಾರ್ ಮತ್ತು ರೆಸ್ಟೋರೆಂಟಿಗೆ ಬೇಕಾದ ಸಿಎಲ್-9 ಪರವಾನಗಿ ಹೊಸದಾಗಿ ಸಿಗುವುದು ಬಹಳ ಕಾಲದಿಂದ ಕಷ್ಟ. ಇದ್ದದ್ದೇ ಕೈ ಬದಲಾಗುತ್ತದೆ, ಅದಕ್ಕೆ ದೊಡ್ಡ ಮೊತ್ತ. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ದೂರದ ನಿಯಮವೂ ಇದೆ. ಅಷ್ಟು ದುಡ್ಡು ಹಾಕಿ ಬಂದವರು ಆ ದುಡ್ಡು ವಾಪಸ್ ತೆಗೆಯಲೇಬೇಕು, ಆಗ ಹಾಡು ಹಿಂದಕ್ಕೆ ಸರಿಯುತ್ತದೆ. ನನ್ನನ್ನು ಕೇಳಿದರೆ ಪಾಲಿಕೆಯ ಜಾಗದಲ್ಲಿ ಊಟ, ತಿಂಡಿ, ಕಾಫಿ, ಹಾಡು ಸಾಕು. ನಿಮ್ಮ ಸಮಿತಿಗೆ ಬೇರೆ ಅನಿಸಬಹುದು. ಏನೇ ಆಗಲಿ, ಸ್ಪಷ್ಟವಾಗಿ ಬರೆದಿರಲಿ.

ಬಾಡಿಗೆ ಎಷ್ಟು? ಹೋಟೆಲಿನವರ ಲೆಕ್ಕ ಹಾಕಿ ನೋಡಿ

ಸಾಮಾನ್ಯವಾಗಿ ಪಾಲಿಕೆಯವರು ಪಕ್ಕದ ಅಂಗಡಿಗಳ ಚದರಡಿ ದರ ನೋಡಿ ಬಾಡಿಗೆ ಕಟ್ಟುತ್ತಾರೆ. ಹಾಡಿನ ಹೋಟೆಲಿಗೆ ಅದು ಹೊಂದಲ್ಲ. ದರ್ಶಿನಿಯಲ್ಲಿ ಒಬ್ಬರು ನಿಂತು ದೋಸೆ ತಿಂದು ಕಾಫಿ ಕುಡಿದು ಹದಿನೈದು ನಿಮಿಷಕ್ಕೆ ಹೊರಡುತ್ತಾರೆ. ಹಾಡು ಕೇಳಲು ಬಂದವರು ಎರಡು ಗಂಟೆ ಕೂರುತ್ತಾರೆ. ಕೂರಲಿ ಅಂತ ತಾನೇ ವೇದಿಕೆ ಇರುವುದು? ಅಂದರೆ ಒಂದು ಕುರ್ಚಿಗೆ ಒಂದು ಸಂಜೆಗೆ ಒಂದೇ ಬಿಲ್.

ಲೆಕ್ಕದಲ್ಲಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ, ನಿಮ್ಮ ಕಡೆಯದ್ದು ನೀವು ಹಾಕಿಕೊಳ್ಳಿ. 80 ಕುರ್ಚಿ. ವಾರದ ದಿನ ಊಟ ತಿಂಡಿ ಎಲ್ಲ ಸೇರಿ 120 ಜನ, ಶನಿವಾರ ಭಾನುವಾರ 220 ಜನ. ತಿಂಗಳಿಗೆ 22 ದಿನ ಮತ್ತು 8 ದಿನ ಅಂತ ಹಿಡಿದರೆ 2,640 ಮತ್ತು 1,760, ಒಟ್ಟು 4,400 ಜನ. ತಲೆಗೆ 350 ರೂಪಾಯಿ ಬಿಲ್ ಆದರೆ ತಿಂಗಳ ವ್ಯಾಪಾರ 15,40,000 ರೂಪಾಯಿ. ವ್ಯಾಪಾರದ ನೂರಕ್ಕೆ 10ರಿಂದ 15ರೊಳಗೆ ಬಾಡಿಗೆ ಇದ್ದರೆ ಮಾತ್ರ ಹೋಟೆಲ್ ನಿಲ್ಲುತ್ತದೆ ಅನ್ನುವುದು ಈ ಕಸುಬಿನವರು ಇಟ್ಟುಕೊಂಡ ಲೆಕ್ಕ. ನೂರಕ್ಕೆ 12 ಅಂದರೆ 1,84,800.

ಇಲ್ಲಿ ಬಹಳ ಜನ ಮರೆಯುವ ವಿಷಯ ಒಂದಿದೆ. ವಾಣಿಜ್ಯ ಬಾಡಿಗೆಗೆ ಶೇ 18 ಜಿಎಸ್‌ಟಿ. ಬಾಡಿಗೆಗೆ ಕೊಟ್ಟವರು ಪಾಲಿಕೆಯಂಥ ಸ್ಥಳೀಯ ಸಂಸ್ಥೆ, ತಗೊಂಡವರು ಜಿಎಸ್‌ಟಿ ನೋಂದಾಯಿತರು ಆಗಿದ್ದರೆ ಆ ತೆರಿಗೆಯನ್ನು ಬಾಡಿಗೆದಾರರೇ ನೇರ ಸರ್ಕಾರಕ್ಕೆ ಕಟ್ಟಬೇಕು. ಇಂಥ ಹೋಟೆಲ್ ಬಿಲ್ಲಿನ ಮೇಲೆ ಇರುವುದು ಶೇ 5, ಮತ್ತು ಬಾಡಿಗೆಗೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳುವ ಅವಕಾಶ ಇಲ್ಲ. ಅಂದರೆ ಆ ಶೇ 18 ಪೂರ್ತಿ ಅವರ ಜೇಬಿನಿಂದಲೇ. ಹಾಗಾಗಿ 1,84,800 ತೆರಿಗೆ ಸೇರಿದ ಮೊತ್ತ ಆಗಿರಬೇಕು. ಪಾಲಿಕೆಗೆ ಸಿಗುವ ಬಾಡಿಗೆ ಸುಮಾರು 1,56,600. ಇದಕ್ಕಿಂತ ಬಹಳ ಜಾಸ್ತಿ ಯಾರಾದರೂ ಬರೆದರೆ ಖುಷಿಪಡಬೇಡಿ. ಎಲ್ಲಿಂದ ಕೊಡುತ್ತೀರಿ ಅಂತ ಕೇಳಿ.

ನಮ್ಮ ಎರಡನೇ ಸಮಿತಿ ಮಾಡಿದ್ದು ಹೀಗೆ. ಕನಿಷ್ಠ ಬಾಡಿಗೆ ಒಂದು ಕಟ್ಟಿದೆವು. ವ್ಯಾಪಾರ ಒಂದು ಮಟ್ಟ ದಾಟಿದರೆ ಮೇಲಿನದ್ದರಲ್ಲಿ ಪಾಲಿಕೆಗೆ ಒಂದು ಪಾಲು. ಮತ್ತು ನಡೆದ ಪ್ರತಿ ಕಾರ್ಯಕ್ರಮಕ್ಕೂ ಬಾಡಿಗೆಯಲ್ಲಿ ಇಷ್ಟು ಕಡಿತ. ತಿಂಗಳಿಗೆ 12 ಕಾರ್ಯಕ್ರಮ, ಒಂದಕ್ಕೆ 3,000 ರೂಪಾಯಿ ಅಂತಿಟ್ಟುಕೊಳ್ಳಿ. 36,000 ಕಡಿತ. ಕಲಾವಿದರಿಗೆ ದುಡ್ಡು ಕೊಟ್ಟ ರಸೀದಿ ತೋರಿಸಿದರೆ ಮಾತ್ರ ಈ ಕಡಿತ. ಹಾಡು ನಿಂತರೆ ಬಾಡಿಗೆ ತಾನಾಗಿ ಏರುತ್ತದೆ. ಮೊದಲ ಸಲ ವೇದಿಕೆ ಪಾರ್ಸೆಲ್ ಕೌಂಟರ್ ಆಗಿದ್ದು ಯಾಕೆ ಅಂದರೆ ಹಾಡು ನಿಲ್ಲಿಸಿದರೆ ಅವರಿಗೆ ಲಾಭ ಇತ್ತು. ಅದನ್ನು ತಿರುಗಿಸಿದೆವು, ಅಷ್ಟೇ.

ಅಂಕ ಮೊದಲೇ ಬರೆದಿಡಿ

"ಸಾರ್, ಜಾಸ್ತಿ ಕೊಟ್ಟವರನ್ನು ಬಿಟ್ಟರೆ ನಾಳೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವಳು ನಾನು." ಸಮಿತಿಯಲ್ಲಿದ್ದ ಕಂದಾಯ ಅಧಿಕಾರಿ ಮೊದಲ ಸಭೆಯಲ್ಲೇ ಹೇಳಿದ ಮಾತು. ಅವರ ಆತಂಕ ನ್ಯಾಯವಾದದ್ದು. ಸಾರ್ವಜನಿಕ ಆಸ್ತಿಯನ್ನು ಮನಸ್ಸಿಗೆ ಬಂದವರಿಗೆ ಕೊಡುವಂತಿಲ್ಲ. ಆದರೆ ಬಾಡಿಗೆ ಒಂದನ್ನೇ ನೋಡಬೇಕು ಅಂತಲೂ ಇಲ್ಲ, ಯಾವುದಕ್ಕೆ ಎಷ್ಟು ಅಂಕ ಅಂತ ಟೆಂಡರ್ ದಾಖಲೆಯಲ್ಲಿ ಮೊದಲೇ ಅಚ್ಚಾಗಿದ್ದರೆ. ಆಮೇಲೆ ಸೇರಿಸಿದರೆ ಕೋರ್ಟಿನಲ್ಲಿ ನಿಲ್ಲಲ್ಲ. ಕಾನೂನು ವಿಭಾಗದ ಒಪ್ಪಿಗೆ ಬರಹದಲ್ಲಿ ತಗೊಳ್ಳಿ.

ಎರಡು ಲಕೋಟೆ ಪದ್ಧತಿ ಒಳ್ಳೆಯದು. ಮೊದಲು ಅನುಭವ, ಯೋಜನೆ. ಅದರಲ್ಲಿ ಪಾಸಾದವರದ್ದು ಮಾತ್ರ ಬಾಡಿಗೆಯ ಲಕೋಟೆ ತೆರೆಯುವುದು. ನಾವು 100ಕ್ಕೆ 30 ಅಂಕ ಬಾಡಿಗೆಗೆ, 30 ಹಾಡಿನ ಯೋಜನೆಗೆ, 25 ಹೋಟೆಲ್ ನಡೆಸಿದ ಅನುಭವ ಮತ್ತು ಲೆಕ್ಕಪತ್ರಕ್ಕೆ, ಉಳಿದ 15 ಅಡುಗೆಮನೆ, ಕಸ, ಸದ್ದು, ಅಕ್ಕಪಕ್ಕದವರನ್ನು ನಿಭಾಯಿಸುವ ಬಗೆಗೆ ಇಟ್ಟೆವು. ಹಾಡಿನ ಯೋಜನೆ ಅಂದರೆ "ಸಂಗೀತಕ್ಕೆ ಪ್ರೋತ್ಸಾಹ ಕೊಡುತ್ತೇವೆ" ಅಂತ ಒಂದು ಸಾಲು ಅಲ್ಲ. ಮೊದಲ ಮೂರು ತಿಂಗಳ ಪಟ್ಟಿ ಕೇಳಿ. ಯಾವ ದಿನ, ಯಾವ ಬಗೆ, ಸಂಭಾವನೆ ಎಷ್ಟು, ಟಿಕೆಟ್ ಇದೆಯಾ, ಹೊಸಬರಿಗೆ ಎಷ್ಟು ದಿನ, ಕನ್ನಡ ಹಾಡಿಗೆ ಎಷ್ಟು ದಿನ. ಈ ಊರಲ್ಲಿ ಕೇಳುವವರಿಗೆ ಬರವಿಲ್ಲ. 1939ರಲ್ಲಿ ಶುರುವಾದ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವಕ್ಕೆ ಇವತ್ತಿಗೂ ಜನ ಬರುತ್ತಾರೆ. ಕನ್ನಡದ ರಾಕ್ ಬ್ಯಾಂಡ್‌ಗಳಿಗೂ ಬರುತ್ತಾರೆ. ಒಂದೇ ವೇದಿಕೆಗೆ ಇಬ್ಬರನ್ನೂ ಹೇಗೆ ಕರೆತರುತ್ತೀರಿ ಅನ್ನುವುದಕ್ಕೆ ಉತ್ತರ ಇರುವವರನ್ನು ಹುಡುಕಬೇಕು.

ಅನುಭವಕ್ಕೆ ತೀರಾ ದೊಡ್ಡ ಮಿತಿ ಹಾಕಬೇಡಿ. ವರ್ಷಕ್ಕೆ ಐದು ಕೋಟಿ ವಹಿವಾಟು ಬೇಕು ಅಂದರೆ ದೊಡ್ಡ ಕಂಪನಿಗಳಷ್ಟೇ ಬರುತ್ತವೆ. ಹಾಡಿನವರು, ಹೋಟೆಲಿನವರು ಜತೆಯಾಗಿ ಅರ್ಜಿ ಹಾಕಲು ಅವಕಾಶ ಕೊಡಿ. ನಮ್ಮಲ್ಲಿ ಗೆದ್ದದ್ದು ಅಂಥ ಜೋಡಿಯೇ. ಇಪ್ಪತ್ತು ವರ್ಷ ಮೆಸ್ ನಡೆಸಿದ ಒಬ್ಬರು ಹೆಂಗಸು, ಮತ್ತು ಅವರ ಅಕ್ಕನ ಮಗ, ಕೀಬೋರ್ಡ್ ನುಡಿಸುವವನು.

ಸುದ್ದಿ ಮುಟ್ಟಿಸುವುದು

ಪತ್ರಿಕೆಯ ಮೂಲೆಯಲ್ಲಿ ಟೆಂಡರ್ ಪ್ರಕಟಣೆ ಹಾಕಿ ಕೂತರೆ ಯಾವಾಗಲೂ ಬರುವ ನಾಲ್ಕು ಗುತ್ತಿಗೆದಾರರೇ ಬರುತ್ತಾರೆ. ಬೃಹತ್ ಬೆಂಗಳೂರು ಹೋಟೆಲುಗಳ ಸಂಘಕ್ಕೆ ತಿಳಿಸಿ. ಸುಗಮ ಸಂಗೀತದವರು, ಬ್ಯಾಂಡಿನವರು, ರಂಗತಂಡಗಳು, ಸಂಗೀತ ಶಾಲೆಗಳಿಗೆ ಹೇಳಿ. ಎರಡು ಪುಟದ ಸರಳ ಕನ್ನಡ ಚೀಟಿ ಮಾಡಿ, ಫೋಟೋ ಹಾಕಿ, ವಾಟ್ಸಾಪಿನಲ್ಲಿ ಬಿಡಿ. ಕನಿಷ್ಠ 45 ದಿನ ಕೊಡಿ. ಜಾಗ ನೋಡಲು ಎರಡು ದಿನ ನಿಗದಿ ಮಾಡಿ, ಒಂದು ಹಗಲು, ಒಂದು ಸಂಜೆ. ನೀವು ಕಟ್ಟಡದಲ್ಲಿ ಕಂಡ ಕುಂದುಗಳನ್ನೆಲ್ಲ ದಾಖಲೆಯಲ್ಲಿ ಬರೆದಿರಿ, ಮುಚ್ಚಿಡಬೇಡಿ. ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಉತ್ತರ ಎಲ್ಲರಿಗೂ ಹೋಗಬೇಕು.

ಆರಿಸುವ ಮುಂಚೆ ಹೋಗಿ ತಿನ್ನಿ

ಅರ್ಜಿದಾರರು ಈಗ ನಡೆಸುತ್ತಿರುವ ಹೋಟೆಲಿಗೆ ಹೇಳದೆ ಹೋಗಿ. ಎರಡು ಸಲ. ಒಂದು ಸಲ ಗಲಾಟೆ ಇರುವ ಹೊತ್ತು, ಒಂದು ಸಲ ಮಧ್ಯಾಹ್ನ ಮೂರೂವರೆಗೆ. ಮೂರೂವರೆಗೆ ಚಟ್ನಿ ಹೇಗಿದೆ ಅನ್ನುವುದರಲ್ಲಿ ಅಡುಗೆಮನೆ ಹೇಗಿದೆ ಅನ್ನುವುದು ಗೊತ್ತಾಗುತ್ತದೆ. ಅಲ್ಲಿನ ಸಪ್ಲೈಯರ್ ಎಷ್ಟು ವರ್ಷದಿಂದ ಇದ್ದಾರೆ ಅಂತ ಮಾತಾಡುತ್ತಾ ಕೇಳಿ. ತರಕಾರಿ, ಹಾಲು ಹಾಕುವವರಿಗೆ ದುಡ್ಡು ಸರಿಯಾಗಿ ಬರುತ್ತಿದೆಯಾ ವಿಚಾರಿಸಿ. ಅವರಿಗೆ ಕಾರ್ಯಕ್ರಮ ಕೊಟ್ಟ ಮೂರು ಜನ ಕಲಾವಿದರಿಗೆ ಫೋನ್ ಮಾಡಿ. ಹಾಡಿದ ರಾತ್ರಿಯೇ ದುಡ್ಡು ಕೊಟ್ಟರಾ, ಊಟ ಹಾಕಿದರಾ? ಈ ಎರಡು ಪ್ರಶ್ನೆ ಸಾಕು. ನೋಡಿದ್ದನ್ನೆಲ್ಲ ಟಿಪ್ಪಣಿ ಮಾಡಿ, ಎಲ್ಲ ಅರ್ಜಿದಾರರಿಗೂ ಅದೇ ಪ್ರಶ್ನೆ ಕೇಳಿ, ಕಡತಕ್ಕೆ ಸೇರಿಸಿ. ಆಗ ಅಂಕ ಕೊಡುವುದಕ್ಕೆ ಆಧಾರ ಇರುತ್ತದೆ.

ಕರಾರು

11 ತಿಂಗಳ ಕರಾರು ಇಲ್ಲಿಗೆ ಆಗಿಬರಲ್ಲ. ಅಡುಗೆಮನೆಗೆ ಹಾಕಿದ ಬಂಡವಾಳ ಬರಲು ಮೂರು ನಾಲ್ಕು ವರ್ಷ ಬೇಕು. ಐದು ವರ್ಷ, ಸರಿಯಾಗಿ ನಡೆಸಿದರೆ ಇನ್ನೈದು ವರ್ಷ ಅಂತ ಇರಲಿ. ಅಷ್ಟು ಅವಧಿಗೆ ಪಾಲಿಕೆಯಲ್ಲಿ ಯಾರ ಒಪ್ಪಿಗೆ ಬೇಕು ಅನ್ನುವುದನ್ನು ಟೆಂಡರಿಗೆ ಮುಂಚೆ ತಗೊಂಡಿರಿ. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ನೋಂದಣಿ ಆಗಲೇಬೇಕು, 1908ರ ನೋಂದಣಿ ಕಾಯ್ದೆ ಅದನ್ನು ಹೇಳುತ್ತದೆ. ಮುದ್ರಾಂಕ ಶುಲ್ಕ ಯಾರದ್ದು ಅಂತಲೂ ಬರೆಯಿರಿ.

ಕೆಲಸ ಮಾಡಿಸಿಕೊಳ್ಳಲು, ಪರವಾನಗಿ ತರಲು ಮೊದಲ ಮೂರು ತಿಂಗಳು ಬಾಡಿಗೆ ಬೇಡ. ಪರವಾನಗಿ ಕೊಡುವ ಕಚೇರಿಯಿಂದಲೇ ತಡವಾದರೆ ಆ ಅವಧಿ ಮುಂದಕ್ಕೆ ಹೋಗಲಿ. ಇದನ್ನು ಬರೆಯದೆ ಬಿಟ್ಟದ್ದರಿಂದ ಮೊದಲ ಸಲ ನಮ್ಮವರು ಬಾಗಿಲು ತೆರೆಯುವ ಮುಂಚೆಯೇ ಎರಡು ತಿಂಗಳ ಬಾಡಿಗೆ ಸಾಲ ಮಾಡಿಕೊಂಡಿದ್ದರು. ಒಳಬಾಡಿಗೆ ಕೊಡುವಂತಿಲ್ಲ. ವೇದಿಕೆಯ ಜಾಗಕ್ಕೆ ನಕ್ಷೆಯಲ್ಲಿ ಕೆಂಪು ಗೆರೆ ಎಳೆದು, ಅದರೊಳಗೆ ಮೇಜು, ಫ್ರೀಜರ್, ಕೌಂಟರ್ ಇಡುವಂತಿಲ್ಲ ಅಂತ ನಕ್ಷೆಯನ್ನೇ ಕರಾರಿಗೆ ಲಗತ್ತಿಸಿ. ಕಲಾವಿದರ ಕೋಣೆಗೂ ಅದೇ ಗೆರೆ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅನ್ನುವುದು 2024ರಿಂದ ಕಾನೂನೇ ಆಗಿದೆ. ವರ್ಷಕ್ಕೆ ಕೆಲವು ದಿನ ಬಡಾವಣೆಯ ಮಕ್ಕಳಿಗೆ, ಸಂಘಗಳಿಗೆ ವೇದಿಕೆ ಪುಕ್ಕಟೆ ಸಿಗಬೇಕು. ಎಷ್ಟು ದಿನ ಅಂತ ಅಂಕಿಯಲ್ಲಿ ಬರೆಯಿರಿ.

ದೊಡ್ಡ ರಿಪೇರಿ, ಅಂದರೆ ಛಾವಣಿ, ಮುಖ್ಯ ಪೈಪು, ಮುಖ್ಯ ವೈರಿಂಗ್ ಪಾಲಿಕೆಯದ್ದು. ದಿನನಿತ್ಯದ್ದು ಅವರದ್ದು. ಪಾಲಿಕೆ 30 ದಿನದಲ್ಲಿ ಮಾಡಿಸದಿದ್ದರೆ ಅವರೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಈ ಒಂದು ಸಾಲಿಗೆ ಪಾಲಿಕೆಯವರನ್ನು ಒಪ್ಪಿಸಲು ನಮಗೆ ಎರಡು ಸಭೆ ಹಿಡಿಯಿತು. ಬಿಡಬೇಡಿ. ಮಳೆ ಸೋರುವ ಛಾವಣಿಯ ಕೆಳಗೆ ಹಾರ್ಮೋನಿಯಂ ಇಡಲು ಯಾರೂ ಒಪ್ಪಲ್ಲ.

ಬೀಗದ ಕೈ ಕೊಡುವ ದಿನ

ಹಳೆಯ ಮಹಜರಿನ ಪಟ್ಟಿ ಹಿಡಿದು ಒಂದೊಂದೇ ಸಾಮಾನು ತೋರಿಸಿ ಸಹಿ ತಗೊಳ್ಳಿ. ವಿದ್ಯುತ್ ಮೀಟರ್, ನೀರಿನ ಮೀಟರ್ ರೀಡಿಂಗ್ ಫೋಟೋ ತೆಗೆಯಿರಿ. ಹೊಸಬರನ್ನು ಅಕ್ಕಪಕ್ಕದ ಮನೆಗಳಿಗೆ ನೀವೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಸದ್ದು ಜಾಸ್ತಿಯಾದರೆ ಕರೆ ಮಾಡಲು ಒಂದು ನಂಬರ್ ಕೊಡಿಸಿ. ಕಾರ್ಯಕ್ರಮ ನಡೆಯುವಾಗ ಆ ಫೋನ್ ಎತ್ತುವವರು ವೇದಿಕೆಯ ಹತ್ತಿರ ಇರಬೇಕು, ಗಲ್ಲಾದಲ್ಲಿ ಅಲ್ಲ.

ಮೊದಲ ಆರು ತಿಂಗಳು ಸಮಿತಿ ತಿಂಗಳಿಗೊಮ್ಮೆ ಅಲ್ಲೇ ಸೇರಲಿ, ಅದೂ ಮಂಗಳವಾರದಂಥ ಮಂಕು ದಿನ. ಶನಿವಾರ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ನಾವು ಮೊದಲ ಮಂಗಳವಾರ ಹೋದಾಗ ಒಂಬತ್ತು ಜನ ಇದ್ದರು, ಎರಡು ಮೇಜಿನಲ್ಲಿ ನಾವೇ. ವೇದಿಕೆ ಮೇಲೆ ಕಾಲೇಜು ಹುಡುಗಿ ಒಬ್ಬಳು ತಂಬೂರಿ ಆ್ಯಪ್ ಹಾಕಿಕೊಂಡು ದೇವರನಾಮ ಹಾಡುತ್ತಿದ್ದಳು. ಮೂರನೇ ತಿಂಗಳಿಗೆ ಆ ದಿನವನ್ನು "ಹೊಸಬರ ಸಂಜೆ" ಅಂತ ಮಾಡಿ, ಹಾಡುವವರ ಮನೆಯವರಿಗೆ ಊಟದಲ್ಲಿ ರಿಯಾಯಿತಿ ಕೊಟ್ಟರು. ಅಪ್ಪ ಅಮ್ಮ, ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲ ಬರತೊಡಗಿದರು. ಆರನೇ ತಿಂಗಳು ನಾವು ಹೋದಾಗ ಕೂರಲು ಜಾಗ ಇರಲಿಲ್ಲ. ಪಕ್ಕದ ಮನೆಯ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು.